ಮಳೆ ಡೈರಿಯಂತೆ ಕಾಡಿನ ಡೈರಿ: ನಿಮ್ಮೂರ ಕಾನನ್ನು ವರ್ಷ ವರ್ಷ ಅಳೆಯುವುದು ಹೇಗೆ?

ಮಲೆನಾಡಿನ ಯಾವ ಮನೆಯ ಜಗಲಿಯಲ್ಲಿ ಕೂತರೂ ಈ ಮಾತು ಬರುತ್ತದೆ. "ನಾವು ಸಣ್ಣವರಿದ್ದಾಗ ಮಂಗಟ್ಟೆ ಹಿಂಡು ಹಿಂಡಾಗಿ ಬರ್ತಿದ್ವು, ಈಗೆಲ್ಲಿ?" (ಮಂಗಟ್ಟೆ ಎಂದರೆ ದೊಡ್ಡ ಕೊಕ್ಕಿನ ಹಾರ್ನ್‌ಬಿಲ್ ಹಕ್ಕಿ.) ಪಕ್ಕದಲ್ಲಿ ಕೂತವರು ಹೇಳುತ್ತಾರೆ, "ನವಿಲು ಆಗ ಇರ್ಲೇ ಇಲ್ಲ, ಈಗ ಗದ್ದೆ ತುಂಬ ಅವೇ." ಇಬ್ಬರ ಮಾತೂ ನಿಜವಿರಬಹುದು. ಆದರೆ ಎಷ್ಟು ಕಡಿಮೆಯಾಯಿತು, ಯಾವ ವರ್ಷದಿಂದ, ಯಾವ ಕಾಡಿನಲ್ಲಿ ಎಂದು ಕೇಳಿದರೆ ಹೇಳುವವರಿಲ್ಲ. ಯಾರೂ ಬರೆದಿಟ್ಟಿಲ್ಲ.

ಅದೇ ಮನೆಯಲ್ಲಿ ಮಳೆಯ ಲೆಕ್ಕ ಕೇಳಿ ನೋಡಿ. ಮೂವತ್ತು ವರ್ಷದ ಡೈರಿ ಹೊರಗೆ ಬರುತ್ತದೆ. ಅಡಿಕೆ ತೋಟ, ಕಾಫಿ ತೋಟದ ಮನೆಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಬರೆಯುವುದು ಹಳೆಯ ರೂಢಿ. ಅದೇ ಮಾಪಕ, ಅದೇ ಜಾಗ, ಅದೇ ಹೊತ್ತು. ಮಳೆ ಬಾರದ ದಿನ ಸೊನ್ನೆ ಬರೆಯುತ್ತಾರೆ. ಆ ಸೊನ್ನೆ ಇರುವುದರಿಂದಲೇ ಡೈರಿಗೆ ಬೆಲೆ. ಕಾಡಿಗೂ ಇಂಥದ್ದೇ ಒಂದು ಡೈರಿ ಇಡಬಹುದು. ಅದನ್ನು ಹೇಗೆ ಶುರು ಮಾಡುವುದು, ಏನು ಅಳೆಯುವುದು, ಬಂದ ಅಂಕಿಗಳನ್ನು ಹೇಗೆ ಓದುವುದು ಎಂದು ಇಲ್ಲಿ ಹೇಳುತ್ತೇನೆ. ಉದಾಹರಣೆಗಳೆಲ್ಲ ಸಿದ್ದಾಪುರ, ಸೊರಬ, ಸಾಗರದ ಕಡೆಯ ಕಾನುಗಳವು. ಕಾನು ಎಂದರೆ ಊರ ಪಕ್ಕದ ದಟ್ಟ ನಿತ್ಯಹಸಿರು ಕಾಡು. ಕೊಡಗಿನ ದೇವರಕಾಡಿಗೂ ಚಿಕ್ಕಮಗಳೂರಿನ ಶೋಲೆ ಕಾಡಿಗೂ ಇದೇ ಕ್ರಮ ನಡೆಯುತ್ತದೆ, ಜೀವಿಗಳ ಹೆಸರು ಬದಲಾಗುತ್ತದೆ ಅಷ್ಟೆ.

ಮೊದಲು ಜಾಗ, ಆಮೇಲೆ ಪ್ರಶ್ನೆ

ದೊಡ್ಡ ಕಾಡನ್ನು ಹಿಡಿಯಬೇಡಿ. ನಡೆದು ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವಷ್ಟು ದೂರದ ಕಾಡು ಸಾಕು. 20 ಹೆಕ್ಟೇರ್ ಕಾನು ಒಂದಿದ್ದರೆ ಐದು ವರ್ಷದ ಕೆಲಸ ಅದರಲ್ಲಿದೆ. ಸಾಧ್ಯವಾದರೆ ಜೊತೆಗೆ ಇನ್ನೊಂದು ಜಾಗ ಆರಿಸಿಕೊಳ್ಳಿ. ಪಕ್ಕದ ಸೊಪ್ಪಿನಬೆಟ್ಟವೋ (ತೋಟಕ್ಕೆ ಸೊಪ್ಪು ಕಡಿಯುವ ಕಾಡು) ಅಕೇಶಿಯ ನೆಡುತೋಪೋ ಆಗಬಹುದು. ಎರಡನ್ನೂ ಒಂದೇ ರೀತಿ ನೋಡಿದರೆ, ಕಾನಿನಲ್ಲಿ ಕಂಡ ಬದಲಾವಣೆ ಕಾನಿನದ್ದೋ ಅಥವಾ ಆ ವರ್ಷದ ಮಳೆಯದ್ದೋ ಎಂದು ಗೊತ್ತಾಗುತ್ತದೆ.

ನಂತರ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಕಾಡಿನ ಜೀವವೈವಿಧ್ಯ ತಿಳಿಯುವುದು" ಎಂದರೆ ಏನೂ ಹೇಳಿದಂತಾಗಲಿಲ್ಲ. "ಈ ಕಾನಿನಲ್ಲಿ ದೊಡ್ಡ ಮರಗಳ ಸಸಿ ಏಳುತ್ತಿವೆಯೇ?" "ದಟ್ಟ ಕಾಡನ್ನೇ ನಂಬಿರುವ ಹಕ್ಕಿಗಳು ಉಳಿದಿವೆಯೇ?" ಇಂಥ ಪ್ರಶ್ನೆ ಕೈಯಲ್ಲಿದ್ದರೆ ಏನು ಅಳೆಯಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ. ಏನು ಬಿಡಬಹುದು ಎನ್ನುವುದೂ ಗೊತ್ತಾಗುತ್ತದೆ. ಅದೂ ಅಷ್ಟೇ ಮುಖ್ಯ.

ಕಾಡಿಗೆ ಕಾಲಿಡುವ ಮುಂಚೆ

ಮೀಸಲು ಅರಣ್ಯ, ಅಭಯಾರಣ್ಯಗಳಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ನಿಮ್ಮ ಉದ್ದೇಶ, ಜಾಗ, ದಿನಗಳನ್ನು ಬರೆದು ಕೊಡಿ. ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಕಟ್ಟುವುದು, ಮರಕ್ಕೆ ತಗಡಿನ ಬಿಲ್ಲೆ ಹೊಡೆಯುವುದು, ಡ್ರೋನ್ ಹಾರಿಸುವುದು ಇವನ್ನೆಲ್ಲ ಕೇಳದೆ ಮಾಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಹಿಡಿಯುವುದು ಅಪರಾಧ. ಫೋಟೋ ತೆಗೆಯಲಿಕ್ಕೆ ಹಾವು ಹಿಡಿದರೂ ಅದು ತಪ್ಪೇ. ದೇವರಕಾಡಾದರೆ ಊರಿನವರನ್ನೂ ಕೇಳಿ. ಚಪ್ಪಲಿ ಹಾಕಿಕೊಂಡು ಹೋಗಬಾರದ ಜಾಗ ಇದ್ದರೆ ಹಾಗೇ ನಡೆದುಕೊಳ್ಳಿ.

ಇನ್ನು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಮಂಗನ ಕಾಯಿಲೆ ಹರಡುವುದು ಅದು ಕಚ್ಚುವುದರಿಂದ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಮಳೆ ನಿಂತು ಒಣಗುತ್ತಾ ಬಂದಂತೆ, ಅಂದರೆ ಡಿಸೆಂಬರ್‌ನಿಂದ ಮೇ ತನಕ, ಈ ಕಾಯಿಲೆಯ ಕಾಟ ಹೆಚ್ಚು. ಕಾಡಿನ ಎಣಿಕೆಗೆ ಚೆನ್ನಾಗಿರುವ ತಿಂಗಳುಗಳೂ ಅವೇ. ಹಾಗಾಗಿ ಉದ್ದ ತೋಳಿನ ಅಂಗಿ, ಸಾಕ್ಸ್ ಒಳಗೆ ತುರುಕಿದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚುವ ಎಣ್ಣೆ ಕಡ್ಡಾಯ. ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಜಾಗ ಗುರುತಿಟ್ಟುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ಮತ್ತೆ, ಒಬ್ಬರೇ ಹೋಗಬೇಡಿ. ಇಬ್ಬರಿದ್ದರೆ ಒಬ್ಬರು ನೋಡುತ್ತಾರೆ, ಒಬ್ಬರು ಬರೆಯುತ್ತಾರೆ. ಕೆಲಸವೂ ಚೆನ್ನಾಗಿ ಆಗುತ್ತದೆ.

ಮೇಲಿನಿಂದ ಒಂದು ನೋಟ

ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಇದು. ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್‌ನಲ್ಲಿ 1984ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ನೋಡಬಹುದು. ಇಸ್ರೋದ ಭುವನ್ ಎಂಬ ನಕ್ಷೆಯ ತಾಣ ಕೂಡ ಇದೆ. ಹಳೆಯ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 30 ಮೀಟರ್ ಚೌಕ. 2015ರ ನಂತರದ ಸೆಂಟಿನೆಲ್ ಚಿತ್ರಗಳಲ್ಲಿ ಅದು 10 ಮೀಟರ್. ಕಾನಿನ ಗಡಿ ಎಳೆಯಿರಿ. ಯಾವ ಅಂಚಿನಲ್ಲಿ ತೋಟ ಒಳಗೆ ಬಂದಿದೆ, ಎಲ್ಲಿ ರಸ್ತೆ ಅಗಲವಾಗಿದೆ, ಎಲ್ಲಿ ಒಂದು ಕಾಡು ಎರಡು ತುಂಡಾಗಿದೆ ಎಂದು ವರ್ಷದ ಜೊತೆ ಬರೆದುಕೊಳ್ಳಿ. ಹೋಲಿಸುವಾಗ ಪ್ರತಿ ವರ್ಷದ ಒಂದೇ ತಿಂಗಳಿನ ಚಿತ್ರ ತೆಗೆದುಕೊಳ್ಳಿ. ಡಿಸೆಂಬರ್ ಅಥವಾ ಜನವರಿ ಒಳ್ಳೆಯದು. ಮೋಡ ಇರುವುದಿಲ್ಲ, ಎಲೆ ಉದುರುವ ಮರಗಳೂ ಇನ್ನೂ ಪೂರ್ತಿ ಬೋಳಾಗಿರುವುದಿಲ್ಲ. ಒಂದು ವರ್ಷದ ಡಿಸೆಂಬರ್ ಚಿತ್ರವನ್ನು ಇನ್ನೊಂದು ವರ್ಷದ ಮಾರ್ಚ್ ಚಿತ್ರದ ಪಕ್ಕ ಇಟ್ಟರೆ ಮತ್ತಿ, ನಂದಿ ಮರಗಳ ಕಾಡು ನಾಶವಾದಂತೆಯೇ ಕಾಣುತ್ತದೆ!

ಆದರೆ ಹಸಿರು ಕಂಡದ್ದೆಲ್ಲ ಕಾಡಲ್ಲ. ಈ ಮಾತನ್ನು ಒತ್ತಿ ಹೇಳಬೇಕು. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 1987ರಿಂದ ದೇಶದ ಅರಣ್ಯ ವರದಿ ಕೊಡುತ್ತಿದೆ. ಅದರ ಲೆಕ್ಕದಲ್ಲಿ 1 ಹೆಕ್ಟೇರ್‌ಗಿಂತ ದೊಡ್ಡದಾದ, ಶೇಕಡಾ 10ಕ್ಕಿಂತ ಹೆಚ್ಚು ಮರದ ನೆರಳಿರುವ ಜಾಗವೆಲ್ಲ ಅರಣ್ಯ ಹೊದಿಕೆಯೇ. ಮರ ಯಾವುದು, ಜಾಗ ಯಾರದು ಎಂದು ಅದು ಕೇಳುವುದಿಲ್ಲ. ಅಂದರೆ ಅಕೇಶಿಯ ತೋಪೂ ಕಾಫಿ ತೋಟವೂ ಅದರೊಳಗೆ ಬರಬಹುದು. ಇಡೀ ದೇಶಕ್ಕೆ ಅಂಥ ಅಂಕಿ ಬೇಕು. ಆದರೆ ಸಿಂಗಳೀಕಕ್ಕೆ ಆ ಅಂಕಿಯಿಂದ ಏನೂ ಪ್ರಯೋಜನ ಇಲ್ಲ. ಅಘನಾಶಿನಿ, ಶರಾವತಿ ಕಣಿವೆಗಳಲ್ಲಿ ಉಳಿದಿರುವ ಸಿಂಗಳೀಕಗಳಿಗೆ ಬೇಕಾದ್ದು ವರ್ಷಪೂರ್ತಿ ಹಣ್ಣು ಕೊಡುವ ಬೇರೆ ಬೇರೆ ಮರಗಳು, ಮತ್ತು ನೆಲಕ್ಕಿಳಿಯದೆ ಕೊಂಬೆಯಿಂದ ಕೊಂಬೆಗೆ ಹೋಗಲು ದಾರಿ. ಅದು ಉಪಗ್ರಹಕ್ಕೆ ಕಾಣುವುದಿಲ್ಲ. ನಡೆದೇ ನೋಡಬೇಕು.

ಮರಗಳ ಚೌಕ

ನನ್ನನ್ನು ಕೇಳಿದರೆ ಇಡೀ ಕೆಲಸದ ಬೆನ್ನೆಲುಬು ಇದೇ. ಪ್ರಾಣಿ ಓಡಿ ಹೋಗುತ್ತದೆ, ಹಕ್ಕಿ ಹಾರಿ ಹೋಗುತ್ತದೆ. ಮರ ಮಾತ್ರ ಹತ್ತು ವರ್ಷ ಬಿಟ್ಟು ಬಂದರೂ ಅಲ್ಲೇ ಸಿಗುತ್ತದೆ. ಸಿಗದಿದ್ದರೆ, ಅದೂ ಒಂದು ಉತ್ತರ. ಮುದುಮಲೈ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಜಾಗದ ಮರಗಳಿಗೆಲ್ಲ ನಂಬರ್ ಕೊಟ್ಟು ಲೆಕ್ಕ ಇಡಲು ಶುರು ಮಾಡಿದರು. ಬರ, ಬೆಂಕಿ, ಆನೆ, ಇವುಗಳಿಂದ ಕಾಡು ಹೇಗೆ ಬದಲಾಗುತ್ತದೆ ಎನ್ನುವುದರ ಬಗ್ಗೆ ಅಲ್ಲಿಂದ ಎಷ್ಟೋ ವಿಷಯ ತಿಳಿದಿದೆ. ನಮಗೆ ಅಷ್ಟು ದೊಡ್ಡ ಜಾಗ ಬೇಡ. 20 ಮೀಟರ್ ಉದ್ದ, 20 ಮೀಟರ್ ಅಗಲದ ಹತ್ತು ಚೌಕ ಸಾಕು.

ಚೌಕ ಎಲ್ಲಿ ಹಾಕುವುದು? ಇಲ್ಲೇ ಎಲ್ಲರೂ ಎಡವುತ್ತಾರೆ. ಚೆಂದದ ಜಾಗಕ್ಕೆ ಕಾಲು ತಾನಾಗಿ ಹೋಗುತ್ತದೆ. ದೊಡ್ಡ ಧೂಪದ ಮರ ಕಂಡರೆ ಅಲ್ಲೇ ಹಗ್ಗ ಬಿಡುತ್ತೇವೆ. ಹಾಗೆ ಮಾಡಬೇಡಿ. ಕಾನಿನ ನಕ್ಷೆ ಮೇಲೆ ಗೆರೆ ಎಳೆದು ಮನೆಗಳಾಗಿ ಹಂಚಿ, ಪ್ರತಿ ಮನೆಗೆ ನಂಬರ್ ಕೊಟ್ಟು ಚೀಟಿ ಎತ್ತಿ. ಬಂದ ನಂಬರಿನ ಜಾಗದಲ್ಲಿ ಬರೀ ಲಂಟಾನದ ಪೊದೆ ಇದ್ದರೂ ಅಲ್ಲೇ ಚೌಕ ಹಾಕಿ. ಅದೂ ನಿಮ್ಮ ಕಾಡೇ ಅಲ್ವಾ?

ಚೌಕದ ನಾಲ್ಕು ಮೂಲೆಗೆ ಕಲ್ಲು ನಿಲ್ಲಿಸಿ, ಮೊಬೈಲಿನಲ್ಲಿ ಜಿಪಿಎಸ್ ಗುರುತು ತೆಗೆದುಕೊಳ್ಳಿ. ದಟ್ಟ ಕಾಡಿನಲ್ಲಿ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ತೋರಿಸುವುದುಂಟು. ಅದಕ್ಕೇ ಕಲ್ಲು ಬೇಕು, ಜೊತೆಗೆ "ಹಳ್ಳದ ತಿರುವಿನಿಂದ ಬಲಕ್ಕೆ ನಲವತ್ತು ಹೆಜ್ಜೆ" ಎಂಬಂಥ ಬರಹವೂ ಬೇಕು. ಆಮೇಲೆ ಚೌಕದೊಳಗೆ ಸುತ್ತಳತೆ 30 ಸೆಂಟಿಮೀಟರ್ ಮೀರಿದ ಮರಗಳನ್ನೆಲ್ಲ ಅಳೆಯಿರಿ. ದರ್ಜಿಯ ಟೇಪು ಸಾಕು. ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಅಂದರೆ ಸುಮಾರು ಎದೆಮಟ್ಟದಲ್ಲಿ ಅಳೆಯುವುದು ಪದ್ಧತಿ. ಇಳಿಜಾರಿದ್ದರೆ ಮೇಲಿನ ಬದಿಗೆ ನಿಂತು ಅಳೆಯಿರಿ. ಬುಡದಲ್ಲಿ ಹಲಗೆಯಂತೆ ಬೇರು ಚಾಚಿದ್ದರೆ ಅದರ ಮೇಲಕ್ಕೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದಿರಿ ಎಂದು ಬರೆದಿಡಿ. ಹೆಸರು ಗೊತ್ತಿಲ್ಲದ ಮರಕ್ಕೆ "ಗೊತ್ತಿಲ್ಲ 1", "ಗೊತ್ತಿಲ್ಲ 2" ಎಂದು ಕೊಡಿ. ಎಲೆ, ತೊಗಟೆ, ಕಾಯಿಯ ಫೋಟೋ ಇಡಿ. ಊರಿನಲ್ಲಿ ಉಪ್ಪಾಗೆ ಕಾಯಿ ಕೊಯ್ಯುವವರನ್ನೋ ಜೇನು ತೆಗೆಯುವವರನ್ನೋ ಜೊತೆಗೆ ಕರೆದುಕೊಂಡು ಹೋದರೆ ಇಂಥ ಸಾಲುಗಳು ಬೇಗ ಕಡಿಮೆಯಾಗುತ್ತವೆ. ಹಾಗೆ ಬಂದವರ ದಿನಗೂಲಿ ತಪ್ಪಿದರೆ ಕೂಲಿ ಕೊಡಿ. ಅವರದ್ದು ಪರಿಣತಿ.

ಈಗ ಸಸಿಗಳು. ಚೌಕದ ಒಂದು ಮೂಲೆಯಲ್ಲಿ 5 ಮೀಟರ್ ಚೌಕ ಗುರುತಿಸಿ, ಅದರೊಳಗಿನ ಮರದ ಸಸಿಗಳನ್ನು ಜಾತಿವಾರು ಎಣಿಸಿ. ನಾನು ಮೊದಲು ನೋಡುವ ಸಾಲೇ ಇದು. ಮೇಲೆ ದೊಡ್ಡ ರಾಮಪತ್ರೆ, ಹೆಬ್ಬಲಸು ನಿಂತಿರುತ್ತವೆ, ಕೆಳಗೆ ಒಂದು ಸಸಿ ಇರುವುದಿಲ್ಲ. ನೋಡಲು ಸೊಂಪಾದ ಕಾಡು. ಆದರೆ ಅದು ನಮ್ಮ ಎಷ್ಟೋ ಊರುಗಳ ಹಾಗೆ, ವಯಸ್ಸಾದವರು ಮಾತ್ರ ಉಳಿದ ಜಾಗ. ಸಸಿ ಇಲ್ಲದಿರಲು ಕಾರಣ ಬೇರೆ ಬೇರೆ ಇರುತ್ತದೆ. ಬೀಜವನ್ನೆಲ್ಲ ಕೊಯ್ದು ಮಾರಿರಬಹುದು, ನೆಲದ ತರಗೆಲೆಯನ್ನು (ದರಕು) ಗುಡಿಸಿ ಒಯ್ದಿರಬಹುದು, ಬೆಂಕಿ ಬಿದ್ದಿರಬಹುದು, ದನ ಮೇದಿರಬಹುದು, ಬೀಜ ಹೊತ್ತೊಯ್ಯುವ ಹಕ್ಕಿಯೇ ಇಲ್ಲವಾಗಿರಬಹುದು. ಕಂಡ ಗುರುತುಗಳನ್ನೆಲ್ಲ ಬರೆಯಿರಿ. ಕೊಡಲಿ ಏಟಿನ ಬುಡ ಎಷ್ಟು, ಸೊಪ್ಪು ಕಡಿದ ಮರ ಎಷ್ಟು, ಲಂಟಾನ ಮತ್ತು ಯುಪಟೋರಿಯಂ ಕಳೆಗಳು ಚೌಕದ ಎಷ್ಟು ಭಾಗ ಮುಚ್ಚಿವೆ.

ನೆರಳು ಅಳೆಯಲು ಉಪಕರಣ ಬೇಡ. ಒಂದು ತುಂಡು ಪಿವಿಸಿ ಪೈಪು ತೆಗೆದುಕೊಳ್ಳಿ. ಕಾನಿನೊಳಗೆ ಗೆರೆ ಹಿಡಿದು ನಡೆಯುತ್ತಾ ಹತ್ತು ಹೆಜ್ಜೆಗೊಮ್ಮೆ ನಿಂತು, ಪೈಪಿನೊಳಗಿಂದ ನೇರ ಮೇಲಕ್ಕೆ ನೋಡಿ. ನಡುವೆ ಎಲೆ ಕಂಡರೆ 1, ಆಕಾಶ ಕಂಡರೆ 0. ನೂರು ಸಲ ನೋಡಿದಾಗ 78 ಸಲ ಎಲೆ ಕಂಡರೆ ನೆರಳು ಶೇಕಡಾ 78. ಪ್ರತಿ ವರ್ಷ ಅದೇ ತಿಂಗಳು, ಅದೇ ಗೆರೆ.

ಇನ್ನೆರಡು ಸಂಗತಿ ಮರೆಯಬೇಡಿ. ನಿಂತ ಒಣಮರಗಳನ್ನು, ಪೊಟರೆ ಇರುವ ಮರಗಳನ್ನು ಬೇರೆಯಾಗಿ ಎಣಿಸಿ. ಮಂಗಟ್ಟೆ ಗೂಡು ಮಾಡುವುದು ದೊಡ್ಡ ಮರದ ಪೊಟರೆಯಲ್ಲಿ. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಂಡು ಸಣ್ಣ ಸೀಳು ಮಾತ್ರ ಬಿಡುತ್ತದೆ, ಗಂಡು ವಾರಗಟ್ಟಲೆ ಹಣ್ಣು ತಂದು ಕೊಡುತ್ತದೆ. ಅಂಥ ಮರ ಬಿದ್ದರೆ ಮತ್ತೊಂದು ಅಷ್ಟು ದಪ್ಪವಾಗಲು ನಮ್ಮ ಆಯುಷ್ಯ ಸಾಲದು. ಹಾಗೆಯೇ ಗೋಣಿ, ಬಸರಿ, ಅತ್ತಿ ಮರಗಳು. ಬೇರೆ ಹಣ್ಣಿಲ್ಲದ ದಿನಗಳಲ್ಲಿ ಹಕ್ಕಿ, ಮಂಗ, ಬಾವಲಿಗಳನ್ನೆಲ್ಲ ಸಾಕುವುದು ಅವೇ.

ಹಕ್ಕಿಗಳು

ಚೆನ್ನಾಗಿ ಕೇಳುವ ಕಿವಿ ಇದ್ದರೆ ಹಕ್ಕಿ ಎಣಿಕೆಯಷ್ಟು ಬೇಗ ಕಾಡಿನ ಸ್ಥಿತಿ ಹೇಳುವ ಕೆಲಸ ಬೇರೆ ಇಲ್ಲ. ದಾರಿಯುದ್ದಕ್ಕೂ 200 ಮೀಟರ್‌ಗೊಂದರಂತೆ ನಿಲ್ಲುವ ಜಾಗ ಗುರುತಿಸಿ. ಸೂರ್ಯ ಹುಟ್ಟಿದ ಮೇಲೆ ಎರಡು ಮೂರು ಗಂಟೆಯೊಳಗೆ ಮುಗಿಸಿ. ಪ್ರತಿ ಜಾಗದಲ್ಲಿ ಎರಡು ನಿಮಿಷ ಸುಮ್ನೆ ನಿಲ್ಲಿ, ಹಕ್ಕಿಗಳು ನಿಮ್ಮನ್ನು ಮರೆಯಲಿ. ನಂತರ ಹತ್ತು ನಿಮಿಷದಲ್ಲಿ ಕಂಡದ್ದು, ಕೇಳಿದ್ದು ಎಲ್ಲ ಬರೆಯಿರಿ. ಮಳೆ, ಜೋರು ಗಾಳಿ ಇದ್ದರೆ ಆ ದಿನ ಬಿಡಿ. ವರ್ಷಕ್ಕೆ ಎರಡು ಸುತ್ತು ಸಾಕು. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಒಂದು, ಆಗ ವಲಸೆ ಹಕ್ಕಿಗಳೂ ಇರುತ್ತವೆ. ಏಪ್ರಿಲ್, ಮೇ ತಿಂಗಳಿನಲ್ಲಿ ಇನ್ನೊಂದು, ಆಗ ಇಲ್ಲಿಯ ಹಕ್ಕಿಗಳು ಜೋರಾಗಿ ಕೂಗುತ್ತವೆ.

ಒಂದು ಸುತ್ತು ಎಂದರೆ ಒಂದೇ ದಿನ ಅಲ್ಲ. ಯಾಕೆ ಎಂದು ಲೆಕ್ಕ ಹಾಕಿ ನೋಡೋಣ. ಕಾಕರಣೆ ಹಕ್ಕಿ (ಟ್ರೋಗನ್) ನಿಮ್ಮ ಕಾನಿನಲ್ಲಿ ಇದೆ, ಆದರೆ ಒಂದು ಭೇಟಿಯಲ್ಲಿ ನಿಮಗೆ ಗೊತ್ತಾಗುವ ಸಾಧ್ಯತೆ ಶೇಕಡಾ 30 ಮಾತ್ರ ಎಂದುಕೊಳ್ಳಿ. ಒಂದೇ ಸಲ ಹೋದರೆ ನೂರಕ್ಕೆ ಎಪ್ಪತ್ತು ಪಾಲು ಅದು "ಇಲ್ಲ" ಎಂದು ಬರೆದು ಬರುತ್ತೀರಿ. ನಾಲ್ಕು ಸಲ ಹೋದರೆ ಆ ತಪ್ಪು ಶೇಕಡಾ 24ಕ್ಕೆ ಇಳಿಯುತ್ತದೆ. ಎಂಟು ಸಲ ಹೋದರೆ 6ಕ್ಕೆ. ಹಾಗಾಗಿ ಒಂದು ಸುತ್ತಿನಲ್ಲಿ ಕನಿಷ್ಠ ನಾಲ್ಕು ಬೆಳಗು ಇರಲಿ. ಕಾಣದ ದಿನ ಕಾಣಲಿಲ್ಲ ಎಂದೇ ಬರೆಯಿರಿ. ಮಳೆ ಡೈರಿಯ ಸೊನ್ನೆ ನೆನಪಿದೆಯಲ್ಲ, ಇದೂ ಹಾಗೇ.

ಇಬರ್ಡ್ ಎಂಬ ಹಕ್ಕಿ ದಾಖಲೆಯ ಆ್ಯಪ್‌ನಲ್ಲಿ ಪಟ್ಟಿ ಹಾಕಿದರೆ ಸಮಯ, ದೂರ ಎರಡೂ ಜೊತೆಗೆ ದಾಖಲಾಗುತ್ತವೆ. ಪಕ್ಕದ ಕೇರಳದಲ್ಲಿ 2015ರಿಂದ 2020ರ ತನಕ ನೂರಾರು ಸ್ವಯಂಸೇವಕರು ಇಡೀ ರಾಜ್ಯವನ್ನು ಸಣ್ಣ ಚೌಕಗಳಾಗಿ ಹಂಚಿಕೊಂಡು, ಒಂದೇ ಕ್ರಮದಲ್ಲಿ ಹಕ್ಕಿ ಎಣಿಸಿ ಭೂಪಟ ಮಾಡಿದರು. ಬಹುಪಾಲು ಸಾಮಾನ್ಯ ಜನರೇ ಮಾಡಿದ ಕೆಲಸ ಅದು. ಆದರೆ ಕೂಗು ಕೇಳಿ ಹೆಸರು ಹೇಳುವ ಬೇರೆ ಆ್ಯಪ್‌ಗಳಿವೆ, ಅವು ಹೇಳಿದ ತಕ್ಷಣ ಬರೆಯಬೇಡಿ. ನೀವೇ ಕೇಳಿ, ಒಪ್ಪಿಗೆಯಾದರೆ ಮಾತ್ರ ಬರೆಯಿರಿ. ಮಂಗಟ್ಟೆ ಗೂಡಿನ ಜಾಗವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಕ್ಯಾಮೆರಾ ಹಿಡಿದವರು ಬಂದು ನಿಂತರೆ ಗಂಡು ಗೂಡಿಗೆ ಬರಲು ಹೆದರುತ್ತದೆ, ಒಳಗಿರುವ ತಾಯಿ ಮರಿ ಉಪವಾಸ ಬೀಳುತ್ತವೆ.

ಪ್ರಾಣಿಗಳು

ಇಲ್ಲಿ ಆಸೆ ಸ್ವಲ್ಪ ಕಡಿಮೆ ಇರಲಿ. ಸಣ್ಣ ಕಾನಿನಲ್ಲಿ "ಎಷ್ಟು ಕಡವೆ ಇವೆ" ಎಂದು ಹೇಳಲು ನಮ್ಮಂಥವರಿಂದ ಆಗುವುದಿಲ್ಲ. "ಹೋದ ವರ್ಷಕ್ಕಿಂತ ಹೆಚ್ಚು ಕಾಣುತ್ತಿವೆಯೋ ಕಡಿಮೆಯೋ" ಎಂದು ಹೇಳಬಹುದು. ಅದೂ ದೊಡ್ಡ ವಿಷಯವೇ.

ಹುಲಿ ಎಣಿಕೆಯ ಕತೆ ಈ ಮಾತಿಗೆ ಒಳ್ಳೆಯ ಸಾಕ್ಷಿ. ಮೊದಲು ಹೆಜ್ಜೆಗುರುತು ನೋಡಿ ಹುಲಿ ಲೆಕ್ಕ ಹಾಕುತ್ತಿದ್ದರು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳು ಇದ್ದವು. 2005ರಲ್ಲಿ ನೋಡಿದರೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಅದಕ್ಕೂ ಎಷ್ಟೋ ಮೊದಲೇ, 1990ರ ದಶಕದ ಶುರುವಿನಲ್ಲೇ, ನಮ್ಮ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪ್ರತಿ ಹುಲಿಯ ಪಟ್ಟೆ ಬೇರೆ ಬೇರೆ ಎನ್ನುವುದನ್ನು ಹಿಡಿದು ಸಂಖ್ಯೆ ಅಂದಾಜು ಮಾಡುವ ದಾರಿ ತೋರಿಸಿದ್ದರು. 2006ರಿಂದ ದೇಶದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಹೊಸ ಕ್ರಮದಲ್ಲಿ ಅಂದಾಜು ನಡೆಯುತ್ತಿದೆ. ಕರ್ನಾಟಕದಲ್ಲಿ 2018ರಲ್ಲಿ 524, 2022ರಲ್ಲಿ 563 ಹುಲಿ ಎಂಬ ಅಂಕಿ ಬಂದದ್ದು ಹಾಗೆ. ಅಳೆಯುವ ಕ್ರಮ ಸರಿಯಿಲ್ಲದಿದ್ದರೆ ಅಂಕಿ ಇದ್ದೂ ಇಲ್ಲದಂತೆ.

ನಮ್ಮ ಮಟ್ಟಕ್ಕೆ ಹೊಂದುವ ಕ್ರಮ ಹೀಗಿದೆ. 2 ಕಿಲೋಮೀಟರ್ ಉದ್ದದ ಒಂದು ಕಾಲುದಾರಿ ಗೊತ್ತುಮಾಡಿಕೊಳ್ಳಿ. ಬೆಳಿಗ್ಗೆ ಆರೂವರೆಗೆ ಹೊರಟು, ಮಾತಾಡದೆ ನಿಧಾನವಾಗಿ ಒಂದೂವರೆ ಎರಡು ಗಂಟೆಯಲ್ಲಿ ಮುಗಿಸಿ. ಕೆಂದಳಿಲು, ಮಂಗ, ಕಾಡುಕುರಿ, ಕಾಟಿ (ಕಾಡುಕೋಣ), ಕಾಡುಕೋಳಿ ಯಾವುದು ಕಂಡರೂ ಎಷ್ಟು, ಎಷ್ಟು ಹೊತ್ತಿಗೆ, ದಾರಿಯಿಂದ ಎಷ್ಟು ದೂರ ಎಂದು ಬರೆಯಿರಿ. ಕಾಟಿ ಎದುರು ಬಂದರೆ ಎಣಿಕೆ ಅಲ್ಲಿಗೇ ಬಿಟ್ಟು ಹಿಂದೆ ಸರಿಯಿರಿ. ಲದ್ದಿ, ಹಿಕ್ಕೆ, ಗೊರಸಿನ ಗುರುತು, ಮುಳ್ಳುಹಂದಿಯ ಮುಳ್ಳು ಇವಕ್ಕೆ ಬೇರೆ ಸಾಲು. ಹಳ್ಳದ ಅಂಚಿನ ಹಸಿ ಮರಳಿನಲ್ಲಿ ರಾತ್ರಿ ಓಡಾಡಿದವರ ಸಹಿ ಬೆಳಿಗ್ಗೆ ಸಿಗುತ್ತದೆ. ಗುರುತಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ.

ಲೆಕ್ಕ ಹಾಕುವಾಗ ನಡೆದ ದೂರದಿಂದ ಭಾಗಿಸುವುದನ್ನು ಮರೆಯಬೇಡಿ. ಮೊದಲ ವರ್ಷ ಹತ್ತು ಸಲ ಹೋದಿರಿ, 20 ಕಿಲೋಮೀಟರ್ ಆಯಿತು, 12 ಕೆಂದಳಿಲು ಕಂಡವು. ಮೂರನೇ ವರ್ಷ ತೋಟದ ಕೆಲಸದ ಮಧ್ಯೆ ನಾಲ್ಕೇ ಸಲ ಆಯಿತು, 8 ಕಿಲೋಮೀಟರ್, 6 ಕೆಂದಳಿಲು. ಸಂಖ್ಯೆ ಅರ್ಧಕ್ಕೆ ಇಳಿಯಿತು ಎಂದು ಗಾಬರಿಯಾಗಬೇಡಿ. ಕಿಲೋಮೀಟರ್‌ಗೆ ಮೊದಲು 0.6 ಇತ್ತು, ಈಗ 0.75. ಇಷ್ಟು ಕಡಿಮೆ ನಡಿಗೆಯಲ್ಲಿ ಹೆಚ್ಚಾಯಿತು ಎಂದೂ ಹೇಳಲಾಗದು. ಕಡಿಮೆಯಾದಂತಿಲ್ಲ, ಅಷ್ಟು ಹೇಳಬಹುದು.

ಮಳೆಗಾಲಕ್ಕೆ ಕಪ್ಪೆಗಳು

ಮಳೆಗಾಲದಲ್ಲಿ ಉಂಬಳ (ಜಿಗಣೆ) ಜಾಸ್ತಿ, ನಿಜ. ಆದರೆ ಹಳ್ಳದ ಕತೆ ಹೇಳುವವರು ಆಗಲೇ ಮಾತಾಡುತ್ತಾರೆ. ಸಂಜೆ ಏಳರಿಂದ ಒಂಬತ್ತರೊಳಗೆ ಹಳ್ಳದ ಬದಿಯ ಒಂದೇ ಜಾಗದಲ್ಲಿ ಕೂತು ಮೊಬೈಲಿನಲ್ಲಿ ಹತ್ತು ನಿಮಿಷ ಧ್ವನಿ ಹಿಡಿದಿಡಿ. ಹೆಸರು ಗೊತ್ತಾಗದಿದ್ದರೂ ಆ ಧ್ವನಿ ಉಳಿಯುತ್ತದೆ. ಮುಂದೆ ಗೊತ್ತಿರುವವರು ಕೇಳಿ ಹೇಳುತ್ತಾರೆ.

ಸಿದ್ದಾಪುರದ ಕತ್ತಲೆಕಾನಿನ ಕಡೆಯ ಕುಂಬಾರ ಕಪ್ಪೆಯನ್ನು ವಿಜ್ಞಾನಿಗಳು ಹೊಸ ಜಾತಿ ಎಂದು ವಿವರಿಸಿದ್ದು 2014ರಲ್ಲಿ. ಗಂಡು ಕಪ್ಪೆ ಹಿಂಗಾಲಿನ ಮೇಲೆ ನಿಂತು ಮೊಟ್ಟೆಗಳಿಗೆ ಮುಂಗಾಲಿನಿಂದ ಮಣ್ಣು ಮೆತ್ತುತ್ತದೆ. ಅದಕ್ಕೇ ಆ ಹೆಸರು. ಅಲ್ಲಿಯ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ಜೌಗು ಕಾಡಿನಲ್ಲಿ, ನೀರೊಳಗಿಂದ ಮೊಣಕಾಲಿನಂತೆ ಎದ್ದ ಬೇರುಗಳ ನಡುವೆ ಬೇಸಿಗೆಯಲ್ಲೂ ತಂಪು ಇರುತ್ತದೆ. ಅಂಥ ಜಡ್ಡಿಯ ನೀರನ್ನು ತೋಟಕ್ಕೆ ತಿರುಗಿಸಿದರೆ ಮೇಲೆ ಮರ ಹಸಿರಾಗಿಯೇ ಇರುತ್ತದೆ, ಕೆಳಗೆ ಮನೆ ಖಾಲಿಯಾಗುತ್ತದೆ. ನಿಮ್ಮ ಹಳ್ಳದಲ್ಲಿ ನೀರು ಯಾವ ತಿಂಗಳು ಬತ್ತುತ್ತದೆ ಎಂದು ಪ್ರತಿ ವರ್ಷ ತಾರೀಕು ಹಾಕಿ ಬರೆಯಿರಿ. ಇಷ್ಟು ಸುಲಭವಾಗಿ ಸಿಗುವ, ಇಷ್ಟು ಬೆಲೆಯ ಮಾಹಿತಿ ಇನ್ನೊಂದಿಲ್ಲ.

ಹಳೆಯ ಕಾಲದ ಅಳತೆ

ನೀವು ಈ ವರ್ಷ ಶುರು ಮಾಡಿದರೆ ನಿಮ್ಮ ಕಣ್ಣಿಗೆ ಈ ವರ್ಷದ ಕಾಡೇ "ಮೊದಲಿನ ಕಾಡು" ಆಗಿಬಿಡುತ್ತದೆ. ನಿಜಕ್ಕೂ ಅದು ಮೊದಲೇ ಎಷ್ಟೋ ಕಳೆದುಕೊಂಡಿರುತ್ತದೆ. ಅದಕ್ಕೇ ಹಿರಿಯರನ್ನು ಕೇಳಬೇಕು. "ಆಗ ಏನೇನಿತ್ತು?" ಎಂದು ಕೇಳಿದರೆ ಎಲ್ಲ ಸೇರಿಕೊಂಡು ಬರುತ್ತದೆ. ಕಾಲಕ್ಕೆ ಗೂಟ ಹೊಡೆದು ಕೇಳಿ. "ನಿಮ್ಮ ಮದುವೆ ಆದಾಗ ಈ ಹಳ್ಳದಲ್ಲಿ ಏಪ್ರಿಲ್‌ನಲ್ಲಿ ನೀರಿತ್ತಾ?" "ಊರಿಗೆ ಕರೆಂಟ್ ಬಂದ ವರ್ಷ ಸೀಳುನಾಯಿ ಬರ್ತಿದ್ವಾ?" "ಬಿದಿರಿಗೆ ಕಟ್ಟೆ (ಹೂವು) ಬಂದದ್ದು ಯಾವಾಗ?" ಹೆಂಗಸರನ್ನು ಬೇರೆಯಾಗಿ ಕೇಳಿ. ಸೊಪ್ಪು, ಸೌದೆ, ಅಣಬೆ, ಕಳಲೆಗೆ ಕಾಡು ಸುತ್ತಿದವರು ಅವರು. ಅವರಿಗೆ ಗೊತ್ತಿರುವ ಮೂಲೆ ಬೇರೆಯೇ. ಮೂರು ನಾಲ್ಕು ಜನ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರೆ ಅದನ್ನು ಗಟ್ಟಿ ಎಂದು ಹಿಡಿಯಿರಿ.

ಗ್ರಾಮ ಪಂಚಾಯಿತಿಯಲ್ಲೂ ವಿಚಾರಿಸಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಗೆ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಇರಬೇಕು. ನಿಮ್ಮ ಕಾನಿನ ಬಗ್ಗೆ ಅದರಲ್ಲಿ ಎರಡು ಸಾಲಿದ್ದರೂ ನಕಲು ತೆಗೆದುಕೊಳ್ಳಿ.

ಅಂಕಿಗಳನ್ನು ಓದುವುದು

ಎಷ್ಟು ಜಾತಿ ಸಿಕ್ಕವು ಎನ್ನುವುದು ಮೊದಲ ಲೆಕ್ಕ. ಆದರೆ ಅದೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಎರಡು ಕಾಡುಗಳಲ್ಲಿ ತಲಾ ಹತ್ತು ಜಾತಿಯ 100 ಮರ ಇವೆ ಎಂದುಕೊಳ್ಳಿ. ಒಂದರಲ್ಲಿ ಪ್ರತಿ ಜಾತಿಯದ್ದೂ ಹತ್ತು. ಇನ್ನೊಂದರಲ್ಲಿ ಅಕೇಶಿಯ 91, ಉಳಿದ ಒಂಬತ್ತು ಜಾತಿಗೆ ಒಂದೊಂದೇ ಮರ. ಎರಡೂ "ಹತ್ತು ಜಾತಿಯ ಕಾಡು" ಎಂದರೆ ಒಪ್ಪಲಾದೀತೇ? ಇದಕ್ಕೆ ಸಿಂಪ್ಸನ್ ಎಂಬ ಅಳತೆ ಇದೆ. ಕಣ್ಣು ಮುಚ್ಚಿ ಎರಡು ಮರ ಮುಟ್ಟಿದರೆ ಅವು ಬೇರೆ ಬೇರೆ ಜಾತಿಯವಾಗಿರುವ ಸಾಧ್ಯತೆ ಎಷ್ಟು ಎಂದು ಅದು ಕೇಳುತ್ತದೆ. ಪ್ರತಿ ಜಾತಿಯ ಪಾಲನ್ನು ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿ, 1ರಿಂದ ಕಳೆಯಿರಿ. ಮೊದಲ ಕಾಡಿಗೆ 0.90 ಬರುತ್ತದೆ, ಎರಡನೆಯದಕ್ಕೆ 0.17. ಕ್ಯಾಲ್ಕುಲೇಟರ್ ಸಾಕು.

ವರ್ಷದಿಂದ ವರ್ಷಕ್ಕೆ ಹೋಲಿಸಲು ಇದಕ್ಕಿಂತಲೂ ಉಪಯೋಗಕ್ಕೆ ಬರುವ ಲೆಕ್ಕ ಒಂದಿದೆ. ಮೊದಲ ವರ್ಷ 40 ಹಕ್ಕಿ ಜಾತಿ, ಐದನೇ ವರ್ಷ 42. ಎರಡು ಹೆಚ್ಚಾಯಿತು ಎಂದು ಸಂತೋಷಪಡುವ ಮುಂಚೆ ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಡಿ. ಎರಡರಲ್ಲೂ ಇರುವುದು 30 ಮಾತ್ರ ಎಂದಾದರೆ 10 ಜಾತಿ ಕಾಣದಾಗಿವೆ, 12 ಹೊಸದಾಗಿ ಬಂದಿವೆ. ಒಟ್ಟು 52ರಲ್ಲಿ 30, ಅಂದರೆ 0.58 ಪಾಲು ಮಾತ್ರ ಎರಡೂ ವರ್ಷದ ಪಟ್ಟಿಯಲ್ಲಿದೆ. ಹೋದವು ಯಾರು? ಕಾಕರಣೆ, ಮಂಗಟ್ಟೆಯಂಥ ದಟ್ಟ ಕಾಡಿನವರೇ? ಬಂದವರು ಪಿಕಳಾರ, ಮೈನಾ, ನವಿಲುಗಳೇ? ಹಾಗಿದ್ದರೆ ಕಾನು ಬಯಲಾಗುತ್ತಿದೆ. ಸಂಖ್ಯೆ ಏರಿದ್ದರೂ ಅದು ಕೆಟ್ಟ ಸುದ್ದಿ. ಹೆಸರುಗಳ ಪಟ್ಟಿಯನ್ನು ಎರಡಾಗಿ ಹಂಚಿಟ್ಟುಕೊಳ್ಳಿ, ಕಾಡು ಬಿಟ್ಟರೆ ಬದುಕದವು ಮತ್ತು ಎಲ್ಲಿ ಬೇಕಾದರೂ ಬದುಕುವವು. ನನ್ನ ದೃಷ್ಟಿಯಲ್ಲಿ ಮೊದಲ ಗುಂಪಿನ ಪಟ್ಟಿಯೇ ಕಾಡಿನ ನಾಡಿ.

ಎರಡು ವರ್ಷದ ಅಂಕಿ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಮಳೆ ಕೈಕೊಟ್ಟ ವರ್ಷ, ಬೆಂಕಿ ಬಿದ್ದ ವರ್ಷ, ಬಿದಿರು ಹೂಬಿಟ್ಟು ಸತ್ತ ವರ್ಷ, ಇವೆಲ್ಲ ಒಂದೊಂದು ಸಲ ಅಂಕಿಗಳನ್ನು ಮೇಲೆ ಕೆಳಗೆ ಎಳೆಯುತ್ತವೆ. ನಿಮ್ಮ ಮಳೆ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ. ಹಕ್ಕಿ, ಪ್ರಾಣಿ ಪ್ರತಿ ವರ್ಷ ಎಣಿಸಿ. ಮರದ ಸುತ್ತಳತೆಯನ್ನು ಮೂರು ಅಥವಾ ಐದು ವರ್ಷಕ್ಕೊಮ್ಮೆ ಅಳೆದರೆ ಸಾಕು, ಯಾವುದು ಸತ್ತಿತು ಎಂದು ಮಾತ್ರ ಪ್ರತಿ ವರ್ಷ ನೋಡಿ.

ಪುಸ್ತಕ ಎಲ್ಲಿರಬೇಕು

ಕಾಡಿಗೆ ಒಯ್ಯುವ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯಿರಿ, ಪೆನ್ನಿನ ಶಾಯಿ ಮಳೆಗೆ ಕರಗುತ್ತದೆ. ಅದೇ ಸಂಜೆ ಫೋಟೋ ತೆಗೆದಿಡಿ. ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿ, ಒಂದು ಸಾಲಿಗೆ ಒಂದೇ ನೋಟ. ಹಕ್ಕಿ ಪಟ್ಟಿ ಇಬರ್ಡ್‌ಗೆ, ಗಿಡ ಕಪ್ಪೆ ಚಿಟ್ಟೆಗಳ ಫೋಟೋ ಐನ್ಯಾಚುರಲಿಸ್ಟ್‌ಗೆ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹೋಗಲಿ. ಮರ ಯಾವಾಗ ಚಿಗುರಿತು, ಹೂಬಿಟ್ಟಿತು ಎಂಬುದಕ್ಕೆ ಸೀಸನ್‌ವಾಚ್ ಇದೆ. ಶಾಲೆಯ ಮಕ್ಕಳಿಗೆ ಅದು ಒಳ್ಳೆಯ ಕೆಲಸ. ಪೂರ್ತಿ ದಾಖಲೆಯ ಒಂದು ಪ್ರತಿಯನ್ನು ಪಂಚಾಯಿತಿಯ ಸಮಿತಿಗೆ, ಒಂದನ್ನು ಅರಣ್ಯ ಕಚೇರಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಮುಂದೆ ಕಾನಿನ ಮೇಲೆ ರಸ್ತೆಯೋ ವಿದ್ಯುತ್ ಲೈನೋ ಬರುವ ಮಾತು ಬಂದಾಗ "ಅಲ್ಲಿ ಏನೂ ಇಲ್ಲ" ಎಂದವರ ಎದುರು ತಾರೀಕು ಹಾಕಿದ ಪುಸ್ತಕ ಇಡಬಹುದು.

ಕೊನೆಗೆ ಒಂದು ಪುಟ ಬಾಕಿ ಇದೆ, ಪುಸ್ತಕದ ಮೊದಲ ಪುಟ. ಅದನ್ನು ಎಲ್ಲಕ್ಕಿಂತ ಮುಂಚೆ ಬರೆಯಬೇಕು. ಎಲ್ಲಿಂದ ಹೊರಡಬೇಕು, ಎಷ್ಟು ಹೊತ್ತಿಗೆ, ಯಾವ ಕಲ್ಲಿನ ಹತ್ತಿರ ನಿಲ್ಲಬೇಕು, ಚೌಕದ ಮೂಲೆ ಹುಡುಕುವುದು ಹೇಗೆ, ಟೇಪು ಯಾವ ಎತ್ತರದಲ್ಲಿ ಹಿಡಿಯಬೇಕು. ಕಾನನ್ನು ಒಮ್ಮೆಯೂ ನೋಡದ ಒಬ್ಬರ ಕೈಗೆ ಆ ಪುಟ ಕೊಟ್ಟು ಕಳಿಸಿ, ನೀವು ಹಿಂದೆ ಸುಮ್ಮನೆ ನಡೆಯಿರಿ. ಅವರು ಎಲ್ಲಿ ದಾರಿ ತಪ್ಪುತ್ತಾರೋ ಆ ಸಾಲನ್ನು ತಿದ್ದಿ ಬರೆಯಿರಿ.